ಪೆಟಿಫರನಿಗೆ ಒಂದೂ ಸಿಗಲಿಲ್ಲ

ಮನುಷ್ಯಕುಲದ ಮುಂದೆ ಇವತ್ತು ಹಲವು ದೊಡ್ಡ ಪ್ರಶ್ನೆಗಳಿವೆ. ಅವುಗಳನ್ನು ಬಗೆಹರಿಸಲು ದೊಡ್ಡ ದೊಡ್ಡ ಊರುಗಳಲ್ಲಿ ಜನ ನೇಮಕವಾಗಿದ್ದಾರೆ. ಅವರ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ನಾನಿಲ್ಲಿ ಎತ್ತಿಕೊಂಡಿರುವುದು ಅವೆಲ್ಲಕ್ಕಿಂತ ಹಳೆಯದಾದ, ಅವೆಲ್ಲಕ್ಕಿಂತ ಹೆಚ್ಚು ಮನಸ್ತಾಪ ತಂದಿರುವ, ಆದರೂ ಯಾವ ವಿಶ್ವವಿದ್ಯಾಲಯವೂ ಪೀಠ ಸ್ಥಾಪಿಸದೆ ಬಿಟ್ಟಿರುವ ಪ್ರಶ್ನೆ: ಹೆಲ್ಮ್ ನದಿಯಿಂದ ಗಾಳದ ಕೋಲು ಹಿಡಿದು ದಡ ಹತ್ತುತ್ತಿರುವವನನ್ನು ಇನ್ನೊಬ್ಬ "ಏನಾದ್ರೂ ಕಚ್ಚಿತಾ?" ಎಂದು ಕೇಳಿದರೆ, ಅವನು ಏನು ಹೇಳಬೇಕು?

ಹೊರಗಿನವರಿಗೆ ಇದು ಸುಲಭ ಅನ್ನಿಸೀತು. ಕಚ್ಚಿದ್ದರೆ ಕಚ್ಚಿತು, ಇಲ್ಲದಿದ್ದರೆ ಇಲ್ಲ. ಯಾರ್ಕ್‌ಷೈರಿನ ಉತ್ತರದ ಮೂಲೆಯಲ್ಲಿರುವ ನಮ್ಮ ಹೆಲ್ಮ್ಸ್‌ವಿಕ್‌ನಲ್ಲಿ ಮಾತ್ರ ಇಷ್ಟು ಒರಟಾಗಿ ಯಾರೂ ಮಾತಾಡುವುದಿಲ್ಲ. ಇಲ್ಲಿ ಏನೂ ಸಿಗದವನು "ಒಂದೆರಡು" ಎನ್ನುತ್ತಾನೆ. ನಿಜವಾಗಿ ಒಂದೆರಡು ಸಿಕ್ಕವನು "ಅಂಥದ್ದೇನಿಲ್ಲ" ಎನ್ನುತ್ತಾನೆ. ಕೈ ಸೋಲುವಷ್ಟು ಸಿಕ್ಕವನು ಆಕಾಶ ನೋಡಿ "ಗಾಳಿ ಸರಿ ಇರ್ಲಿಲ್ಲ ಕಣಯ್ಯಾ" ಎಂದು ನಿಟ್ಟುಸಿರು ಬಿಡುತ್ತಾನೆ. ಕೇಳಿದವನಿಗೆ ಅಂದು ರಾತ್ರಿ ಊಟ ಸೇರುವುದಿಲ್ಲ. ಇನ್ನು "ಒಂದೂ ಇಲ್ಲ" ಎಂಬ ಮಾತು ಊರಿನ ನೆನಪಿನಲ್ಲಿ ಒಬ್ಬನ ಬಾಯಿಂದ ಮಾತ್ರ, ಒಂದೇ ಸಲ ಬಂದಿತ್ತು. ಮುದುಕ ಆಂಬ್ರೋಸ್ ರಾ ಅದನ್ನು ಹೇಳಿದ ಸಂಜೆ, ಮೀನು ಎಳೆದೂ ಎಳೆದೂ ಅವನ ಬಲಗೈ ಮೇಲೇಳುತ್ತಿರಲಿಲ್ಲ, ಬಿಯರ್ ಲೋಟವನ್ನು ಬೇರೆಯವರು ಬಾಯಿಗೆ ಹಿಡಿಯಬೇಕಾಯಿತು. ಅವನ ಹೆಸರಿನಲ್ಲಿ ನದಿಯ ದಡದಲ್ಲಿ ಒಂದು ಬೆಂಚಿದೆ.

ಈ ಉತ್ತರಗಳ ಏಣಿಯ ಕೆಳಗಿನ ತುದಿಯಲ್ಲಿ ಇನ್ನೊಂದಿದೆ. "ಒಂದು ಸಿಕ್ತು! ಇಷ್ಟುದ್ದ!" ಎಂದು ಎರಡೂ ಕೈ ಅಗಲಿಸಿ ತೋರಿಸುವುದು. ಇದನ್ನು ಮಕ್ಕಳು ಹೇಳುತ್ತವೆ. ದೊಡ್ಡವರಲ್ಲಿ ಗಡಿಯಾರ ರಿಪೇರಿಯ ಹೊರೇಸ್ ಒಮ್ಮೆ ಹೇಳಿದ್ದ, ಹೆಂಡತಿ ಬಿಟ್ಟುಹೋದ ವಾರ. ಆಗ ನಾಲ್ಕು ಜನ ಅವನನ್ನು ತೋಳು ಹಿಡಿದು ಮನೆಗೆ ಕರೆದೊಯ್ದು ಬಿಸಿ ಸೂಪು ಕುಡಿಸಿದ್ದರು.

ಇದನ್ನೆಲ್ಲ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಹೀಗಾಗಿ ಲಯೋನೆಲ್ ಪೆಟಿಫರನಿಗೂ ಯಾರೂ ಹೇಳಲಿಲ್ಲ.

ಪೆಟಿಫರ್ ನಾರ್ಫೋಕ್‌ನ ಚಪ್ಪಟೆ ನೆಲದಿಂದ ಬಂದವನು. ನಮ್ಮ ಊರಿನ ಮ್ಯೂರಿಯಲ್ಲಳನ್ನು ಮದುವೆಯಾಗಿ, ಮುಖ್ಯ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಇಡೀ ಊರು ಲೋಕವನ್ನು ನೋಡುತ್ತಿದ್ದದ್ದು ಅವನು ಅಳತೆ ಮಾಡಿ ಕೊಟ್ಟ ಗಾಜಿನ ಮೂಲಕ. ಅವನೊಬ್ಬನಿಗೇ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಮ್ಯೂರಿಯಲ್ಲಳ ಅಣ್ಣ ಡೆನ್ನಿಸ್ ಮೆಟ್ಕಾಫ್ ಊರಿನ ಕಸಾಯಿ, ಗಾಳದ ಸಂಘದ ನಾಯಕ ಕೂಡ. ಅವನ ದಯೆಯಿಂದ ಪೆಟಿಫರ್ ಸಂಘ ಸೇರಿದ. ಸೇರುವಾಗ ಮೂರು ನಿಯಮಗಳನ್ನು ಓದಿ ಹೇಳಿದರು: ಎರೆಹುಳ, ರೊಟ್ಟಿ ಕೂಡದು, ಕೊಕ್ಕೆಗೆ ಗರಿ ತುಪ್ಪಳ ಸುತ್ತಿ ಕೈಯಾರೆ ಮಾಡಿದ ಸುಳ್ಳು ನೊಣದಿಂದಲೇ ಟ್ರೌಟ್ ಮೀನು ಹಿಡಿಯಬೇಕು; ಹಿಡಿದದ್ದನ್ನು ಆ ಕ್ಷಣವೇ ನೀರಿಗೆ ಬಿಡಬೇಕು; ಫೋಟೊ ತೆಗೆಯುವುದು ಸಭ್ಯರ ಲಕ್ಷಣವಲ್ಲ. ನಾಲ್ಕನೆಯ ನಿಯಮ, ಅಂದರೆ ನಾನು ಮೇಲೆ ಹೇಳಿದ್ದು, ಬರೆದಿಟ್ಟದ್ದಲ್ಲವಾದ್ದರಿಂದ ಓದಲಿಲ್ಲ.

ಮೊದಲ ದಿನ ಪೆಟಿಫರ್ ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿ ನಿಂತಿದ್ದು, ಗಡಗಡ ನಡುಗುತ್ತ ಸೇತುವೆ ಹತ್ತಿ ಬಂದ. ಅಲ್ಲಿ ಡೆನ್ನಿಸ್ ಪೈಪು ಸೇದುತ್ತ ನಿಂತಿದ್ದ.

"ಏನ್ ಭಾವ, ಏನಾದ್ರೂ ಕಚ್ಚಿತಾ?"

"ಒಂದೂ ಇಲ್ಲ ಡೆನ್ನಿಸ್."

ಡೆನ್ನಿಸನ ಬಾಯಿಂದ ಪೈಪು ಜಾರಿ ಹೆಲ್ಮ್ ನದಿಗೆ ಬಿತ್ತು.

"ಇನ್ನೊಂದ್ಸಲ ಹೇಳು?"

"ಒಂದೂ ಇಲ್ಲ ಮಾರಾಯಾ. ಸುಮ್ಮನೆ ನಿಂತೆ, ಸುಮ್ಮನೆ ಬಂದೆ. ನಿಂಗೇನು ಸಿಕ್ತು?"

"ನಂಗೆ... ಒಂದೆರಡು," ಎಂದ ಡೆನ್ನಿಸ್, ಕುಗ್ಗಿದ ದನಿಯಲ್ಲಿ.

"ಪುಣ್ಯವಂತ ನೀನು!" ಎಂದು ಪೆಟಿಫರ್ ಮನಸಾರೆ ಅವನ ಬೆನ್ನು ತಟ್ಟಿ ಹೋದ. ಆ ತಟ್ಟುವಿಕೆ ಡೆನ್ನಿಸನಿಗೆ ಹೇಗೆ ತಾಗಿರಬೇಕೆಂದು ನೀವೇ ಊಹಿಸಿ. ಅಂದು ಸಂಜೆ 'ಕುರಿಯ ತಲೆ' ಪಬ್ಬಿನಲ್ಲಿ ಅವನು ಮಾಂಸ ಕಡಿಯುವವನ ಮುಷ್ಟಿಯಿಂದ ಮೇಜು ಗುದ್ದಿ ಹೇಳಿದ, "ಮುಖ ನೋಡಿದ್ರೆ ಹಾಲು ಕುಡಿಯೋ ಕರು ಥರ. ಮೊದಲ್ನೇ ದಿನಾನೇ 'ಒಂದೂ ಇಲ್ಲ' ಅಂತಾನೆ! ಅದೂ ನಗದೇ ಹೇಳ್ತಾನೆ!"

"ನಗದೇನಾ?" ಎಂದ ಗಡಿಯಾರದ ಹೊರೇಸ್. "ಹಾಗಾದ್ರೆ ಸಿಕ್ಕಾಪಟ್ಟೆ ಹಿಡಿದಿದ್ದಾನೆ."

ಮೂರು ವರ್ಷ ಹೀಗೇ ನಡೆಯಿತು. ಪೆಟಿಫರ್ ಹೋದಾಗಲೆಲ್ಲ ಬರಿಗೈಲಿ ಬಂದ, ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅವನ ಕೀರ್ತಿ ಪಕ್ಕದ ಕಣಿವೆ ದಾಟಿ ಹೋಯಿತು. ಬೀದಿಯಲ್ಲಿ ಎದುರಾದರೆ ಮುದುಕರು ಟೋಪಿ ತೆಗೆಯತೊಡಗಿದರು. ನಾರ್ಫೋಕ್‌ನಲ್ಲಿ ಇಲ್ಲದ ಮರ್ಯಾದೆ ಕನ್ನಡಕದವನಿಗೆ ಇಲ್ಲಿದೆಯೆಂದು ಅವನು ತಿಳಿದ. ಒಳಗೊಳಗೆ ಅವನನ್ನು ಕೊರೆಯುತ್ತಿದ್ದದ್ದು ಒಂದೇ: ಈ ಊರಿನಲ್ಲಿ ಎಂಥೆಂಥವರಿಗೂ ದಿನಾ ಒಂದೆರಡಾದರೂ ಸಿಗುತ್ತದೆ. ಕೈನಡುಗುವ ಹೊರೇಸನಿಗೂ ಒಂದೆರಡು. ಚರ್ಚಿನಲ್ಲಿ ಪ್ರವಚನ ಹೇಳುವ ಪಾದ್ರಿಯಮ್ಮನಿಗೂ ಒಂದೆರಡು. ತನಗೆ ಮಾತ್ರ ಒಂದೂ ಇಲ್ಲ.

ಅವನ ಮಾತನ್ನು ಅಕ್ಷರಶಃ ನಂಬಿದ ಪ್ರಾಣಿ ಊರಿನಲ್ಲಿ ಒಂದೇ, ಅವನ ಹೆಂಡತಿ ಮ್ಯೂರಿಯಲ್. "ನನ್ನ ಗಂಡಂಗೆ ಅಷ್ಟೆಲ್ಲ ತಲೆ ಇಲ್ಲ. ಇಲ್ಲ ಅಂದ್ರೆ ಇಲ್ಲವೇ," ಎನ್ನುತ್ತಿದ್ದಳು. ಊರು ಅದನ್ನು ಗಂಡನಿಗೆ ತಕ್ಕ ಹೆಂಡತಿಯ ಜಾಣತನವೆಂದು ತಿಳಿಯಿತು.

ಮ್ಯೂರಿಯಲ್ಲಳ ತಾಳ್ಮೆ ಮುಗಿದದ್ದು ಕಳೆದ ಸೆಪ್ಟೆಂಬರಿನ ಮೊದಲ ಭಾನುವಾರ. ಕಾರಣ ಮೀನಲ್ಲ, ಚಲ್ಲಣ. ನೀರಿನಲ್ಲಿ ನಿಲ್ಲಲು ಎದೆಯವರೆಗೆ ಏರಿಸಿಕೊಳ್ಳುವ ರಬ್ಬರಿನ ಚಲ್ಲಣವನ್ನು ಪೆಟಿಫರ್ ಒಣಗಲೆಂದು ಬಚ್ಚಲಮನೆಯಲ್ಲಿ ತೂಗುಹಾಕಿದ್ದ. ಊಟಕ್ಕೆ ಬಂದಿದ್ದ ಡೆನ್ನಿಸನ ಹೆಂಡತಿ ಎಡ್ನಾ ದೀಪ ಹಾಕದೆ ಒಳಗೆ ಹೋದಳು. ಕಾಲು ಮಾತ್ರ ಇರುವ ಮನುಷ್ಯನೊಬ್ಬ ಕತ್ತಲಲ್ಲಿ ನೇತಾಡುತ್ತ, ತೊಟ್ಟಿಕ್ಕುತ್ತಿರುವುದನ್ನು ಕಂಡು ಅವಳು ಹಾಕಿದ ಕೂಗಿಗೆ ಎದುರುಮನೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರು.

ದಳದವರು ಟೀ ಕುಡಿದು ಹೋದ ಮೇಲೆ ಮ್ಯೂರಿಯಲ್ ತೀರ್ಪು ಕೊಟ್ಟಳು.

"ನೋಡಿ ಲಯೋನೆಲ್. ಈ ತಿಂಗಳ ಕೊನೇ ದಿನಕ್ಕೆ ಈ ವರ್ಷದ ಟ್ರೌಟ್ ಹಿಡಿಯೋದು ಬಂದ್. ಅಷ್ಟರೊಳಗೆ ಒಂದು ಮೀನು, ಒಂದೇ ಒಂದು ಮೀನು ಹಿಡೀರಿ, ನಾನು ಬಾಯಿ ಮುಚ್ಚಿಕೊಂಡಿರ್ತೀನಿ. ಇಲ್ದಿದ್ರೆ ಅದಾದ ಮೇಲಿನ ಶನಿವಾರ ಚರ್ಚಿನ ಹಳೇ ಸಾಮಾನು ಮಾರಾಟ ಇದೆ. ಆ ಕೋಲು, ಆ ಚಲ್ಲಣ, ಆ ಟೋಪಿ, ಎಲ್ಲ ಅಲ್ಲಿಗೆ."

"ಟೋಪೀನೂ ಯಾಕೆ?"

"ಟೋಪಿ ನೋಡಿದ್ರೆ ಕೋಲು ನೆನಪಾಗತ್ತೆ."

ಪೆಟಿಫರ್ ಒಪ್ಪಿದ. ಆ ಕೋಲು ಅವನಿಗೆ ಎಷ್ಟು ಪ್ರಿಯವೆಂದರೆ, ರಜೆಗೆ ಹೋದಾಗ ಹೋಟೆಲಿನಲ್ಲಿ ಅದಕ್ಕೆ ಕಿಟಕಿಯ ಪಕ್ಕದ ಜಾಗ ಕೊಡುತ್ತಿದ್ದ. ಅಂದಿನಿಂದ ಅವನು ಅಂಗಡಿಯ ಬಾಗಿಲಿಗೆ 'ಬೇಗ ಬರುತ್ತೇನೆ' ಎಂಬ ಫಲಕ ನೇತುಹಾಕಿ ಸಂಜೆಯವರೆಗೂ ನದಿಯಲ್ಲೇ ಉಳಿದ. ಆ ತಿಂಗಳು ಹೆಲ್ಮ್ಸ್‌ವಿಕ್‌ನ ಬಹಳ ಜನ ತಮ್ಮ ಕನ್ನಡಕವಿಲ್ಲದೆ ಒಬ್ಬರನ್ನೊಬ್ಬರು ಬೇರೆ ಹೆಸರಿನಿಂದ ಕರೆದುಕೊಂಡು ಓಡಾಡಿದರು.

ಅವನು ನಿಲ್ಲುತ್ತಿದ್ದದ್ದು ಆಲ್ಡರ್ ಮಡುವಿನಲ್ಲಿ. ಅಲ್ಲಿ ನೀರು ಆಳ, ತಣ್ಣಗೆ, ಚಹಾದ ಬಣ್ಣ. ದಡದ ಆಲ್ಡರ್ ಮರ ನೀರಿನ ಮೇಲೆ ಬಾಗಿದೆ. ಈ ಬಗೆಯ ಗಾಳವನ್ನು ಮೊದಲು ಹಿಂದಕ್ಕೆ ಬೀಸಿ, ಆಮೇಲೆ ಮುಂದಕ್ಕೆ ಹಾಯಿಸಬೇಕು. ಪೆಟಿಫರನ ನೊಣ ಹಿಂದಕ್ಕೆ ಹೋದದ್ದು ಮುಂದಕ್ಕೆ ಬರುತ್ತಿರಲಿಲ್ಲ. ಆಲ್ಡರ್ ಮರದಲ್ಲೇ ಸಂಸಾರ ಹೂಡುತ್ತಿತ್ತು. ತಪ್ಪಿ ನೀರಿಗೆ ಬಿದ್ದರೆ ತೇಲಿಬರುವ ಹಳದಿ ಎಲೆಗಳನ್ನು ಒಂದೊಂದಾಗಿ ಹಿಡಿದು ತರುತ್ತಿತ್ತು. ತಿಂಗಳ ಮಧ್ಯದ ಹೊತ್ತಿಗೆ ಮರ ತನ್ನ ಎಲೆ ಕಳೆದುಕೊಂಡು, ಪೆಟಿಫರನ ನೊಣಗಳಿಂದ ಮತ್ತೆ ಚಿಗುರಿದಂತೆ ಕಾಣುತ್ತಿತ್ತು.

ಅವನ ನೊಣಗಳ ಬಗ್ಗೆಯೂ ಒಂದು ಮಾತು. ಬೇರೆಯವರು ಕೋಳಿಯ ಕತ್ತಿನ ಗರಿ, ಮೊಲದ ಕಿವಿಯ ರೋಮ ಎಂದೆಲ್ಲ ಹುಡುಕುತ್ತಾರೆ. ಪೆಟಿಫರನಿಗೆ ರಾತ್ರಿ ಕೈಗೆ ಸಿಕ್ಕದ್ದು ಮ್ಯೂರಿಯಲ್ಲಳ ಹಳೆಯ ಗುಲಾಬಿ ಚಪ್ಪಲಿಯ ಮೇಲಿನ ತುಪ್ಪಳ. ಅದನ್ನು ಕೊಕ್ಕೆಗೆ ಸುತ್ತಿದಾಗ ಬಂದ ಆಕಾರ ದೇವರು ಸೃಷ್ಟಿಸಿದ ಯಾವ ನೊಣವನ್ನೂ ಹೋಲುತ್ತಿರಲಿಲ್ಲ.

ಒಂದು ಮುಂಜಾನೆ ಡೆನ್ನಿಸ್ ಏಣಿ ತಂದು ಮರ ಹತ್ತಿ, ಒಂದನ್ನು ಕದ್ದು ಪಬ್ಬಿಗೆ ತಂದ. ಸಂಘದವರೆಲ್ಲ ತಲೆ ಬಗ್ಗಿಸಿ ಅದನ್ನು ನೋಡಿದರು.

"ಗುಲಾಬಿ," ಎಂದ ಹೊರೇಸ್, ಚರ್ಚಿನಲ್ಲಿ ಮಾತಾಡುವ ದನಿಯಲ್ಲಿ.

"ಮರದಲ್ಲಿ ಯಾಕೆ ಬಿಟ್ಟಿದ್ದಾನೆ ಅಂತ?" ಎಂದು ಇನ್ನೊಬ್ಬ ಕೇಳಿದ.

"ಬಿಟ್ಟಿದ್ದಲ್ಲಪ್ಪಾ. ಇಟ್ಟಿದ್ದು," ಎಂದ ಡೆನ್ನಿಸ್. "ಬಿಸಿಲು, ಇಬ್ಬನಿ ತಾಗಲಿ ಅಂತ. ಹದ ಬರೋವರೆಗೆ. ನಾವು ಹಂದಿ ತೊಡೆ ತೂಗು ಹಾಕಲ್ವಾ, ಹಾಗೆ."

ಮುಂದಿನ ಕೆಲವೇ ದಿನಗಳಲ್ಲಿ ಹೆಲ್ಮ್ಸ್‌ವಿಕ್‌ನಿಂದ ಗುಲಾಬಿ ಬಣ್ಣದ ಮೆತ್ತನೆಯ ವಸ್ತುಗಳೆಲ್ಲ ಮಾಯವಾದವು. ಜವಳಿ ಅಂಗಡಿಯ ಚಪ್ಪಲಿಗಳು ಖಾಲಿಯಾದವು. ಎಡ್ನಾಳ ರಾತ್ರಿಯ ಮೇಲಂಗಿ ಮೊಣಕಾಲಿನವರೆಗೆ ಬೋಳಾಯಿತು. ಪಾದ್ರಿಯಮ್ಮ ಟೀ ಆರದಂತೆ ಕೆಟಲಿಗೆ ತೊಡಿಸುತ್ತಿದ್ದ ಉಣ್ಣೆ ಟೋಪಿ ಕಾಣೆಯಾಯಿತು. ಕದ್ದವರು ಯಾರೆಂದು ಅವರಿಗೆ ಮಾತ್ರ ಗೊತ್ತಿತ್ತು, ಯಾಕೆಂದರೆ ಕತ್ತರಿಸಿದ್ದು ಅವರೇ. ನದಿಯ ಉದ್ದಕ್ಕೂ ಗಂಭೀರ ಮುಖದ ಗಂಡಸರು ಗುಲಾಬಿ ನೊಣಗಳನ್ನು ಬೇಕೆಂದೇ ಮರಕ್ಕೆ ಎಸೆಯುತ್ತ ನಿಂತರು. ಸಂಜೆ ಎಲ್ಲರಿಗೂ ಒಂದೆರಡು ಸಿಕ್ಕಿರುತ್ತಿದ್ದವು.

ಪಾದ್ರಿಯಮ್ಮ ಹಿಲರಿ ಸ್ಯಾಂಡ್ಸ್ ಒಂದು ಮಧ್ಯಾಹ್ನ ಮಡುವಿನ ದಡಕ್ಕೆ ಬಂದರು. ಪೆಟಿಫರ್ ಸೊಂಟಮಟ್ಟ ನೀರಿನಲ್ಲಿದ್ದ.

"ಲಯೋನೆಲ್, ಒಂದು ಮಾತು ಹೇಳ್ಲಾ? ವಿನಯ ಒಳ್ಳೆ ಗುಣ. ಆದ್ರೆ ಅದಕ್ಕೂ ಒಂದು ಮಿತಿ ಇದೆಯಪ್ಪಾ. ಮಿತಿ ಮೀರಿದ್ರೆ ಅದು ಸೊಕ್ಕು."

"ಯಾರಿಗೆ ಸೊಕ್ಕು ಪಾದ್ರಿಯಮ್ಮ?"

"ಇವತ್ತು ಎಷ್ಟು?"

"ಒಂದೂ ಇಲ್ಲ."

"ನೋಡಿ, ಇದೇ ನಾನು ಹೇಳಿದ್ದು!"

ಪೆಟಿಫರ್ ತನ್ನ ಸುತ್ತ ನೋಡಿಕೊಂಡ. ನೀರು, ಎಲೆ, ಮರ. "ಇದರಲ್ಲಿ ಸೊಕ್ಕೆಲ್ಲಿ ಬಂತು? ನಂಗೆ ನಾಚಿಕೆ ಆಗ್ತಿದೆ."

"ನಾಚಿಕೆ ಆಗ್ತಿದ್ರೆ ಎಲ್ಲರ ಥರ ಒಂದೆರಡು ಅನ್ನಬಾರದಾ? ಬೇರೆಯವರ ಮನಸ್ಸಿಗೂ ಒಂಚೂರು ನೆಮ್ಮದಿ."

"ಅಂದ್ರೆ, ಸುಳ್ಳು ಹೇಳ್ಲಾ? ಪಾದ್ರಿಯಾಗಿ ನೀವು ಸುಳ್ಳು ಹೇಳು ಅಂತೀರಾ?"

"ಯಾರು ಸುಳ್ಳು ಅಂದ್ರು? ನಾನೇ ಮಂಗಳವಾರ ಬಂದಿದ್ದೆ. ಒಂದೆರಡು ಸಿಕ್ತು. ಹಾಗೇ ಹೇಳ್ದೆ."

"ನಿಮಗೂ ಎರಡಾ!" ಎಂದು ಪೆಟಿಫರ್ ಕಣ್ಣಲ್ಲಿ ನೀರು ತಂದುಕೊಂಡ. "ದೊಡ್ಡವಾ?"

ಪಾದ್ರಿಯಮ್ಮ ಮುಖ ಕೆಂಪು ಮಾಡಿಕೊಂಡು ಹುಲ್ಲುಗಾವಲಿನ ಬೇಲಿ ದಾಟಿ ಹೊರಟುಹೋದರು. ಆ ಭಾನುವಾರದ ಪ್ರವಚನ ಅಹಂಕಾರದ ಮೇಲಿತ್ತು. "ನಮ್ಮ ನಡುವೆಯೇ" ಎಂದು ಅವರು ಶುರುಮಾಡಿದಾಗ ಇಡೀ ಸಭೆ ಮೂರನೇ ಸಾಲಿನತ್ತ ತಿರುಗಿತು. ಅಲ್ಲಿ ಕೂತಿದ್ದ ಪೆಟಿಫರ್, ಅವರು ಯಾರನ್ನು ನೋಡುತ್ತಿದ್ದಾರೆಂದು ತಾನೂ ಹಿಂದೆ ತಿರುಗಿ ನೋಡಿದ. ಹಿಂದೆ ಕಂಬವಿತ್ತು.

ಇಷ್ಟರಲ್ಲಿ ವಿಷಯ ಸರ್ಕಾರಕ್ಕೆ ಮುಟ್ಟಿತು. ನದಿಗಳನ್ನು ನೋಡಿಕೊಳ್ಳುವ ಇಲಾಖೆಯಿಂದ ಕ್ರಂಪ್ ಎಂಬ ಅಧಿಕಾರಿ ಒಂದು ಬುಧವಾರ ಪೆಟಿಫರನ ಮನೆ ಬಾಗಿಲು ತಟ್ಟಿದ. ಉದ್ದನೆಯ, ದುಃಖದ ಮುಖದ ಮನುಷ್ಯ; ಪಕ್ಕದ ಕಣಿವೆಯಲ್ಲೇ ಹುಟ್ಟಿ ಬೆಳೆದವನು, ನಾಲ್ಕನೆಯ ನಿಯಮವನ್ನು ತೊಟ್ಟಿಲಲ್ಲೇ ಕಲಿತವನು. ಮ್ಯೂರಿಯಲ್ ಚಹಾ, ಹಣ್ಣಿನ ಕೇಕು, ಜೊತೆಗೆ ಚೀಸು ತಂದಿಟ್ಟಳು.

"ಹೆಲ್ಮ್ ನದಿಯ ಒಂದೇ ಮಡುವಿನ ಮೇಲೆ ವಿಪರೀತ ಒತ್ತಡ ಬೀಳ್ತಿದೆ ಅಂತ ದೂರು ಬಂದಿದೆ, ಮಿಸ್ಟರ್ ಪೆಟಿಫರ್. ನೇರವಾಗಿ ಕೇಳ್ತೀನಿ, ನೇರವಾಗಿ ಹೇಳಿ. ಜೂನಲ್ಲಿ ಎಷ್ಟು ಹಿಡಿದ್ರಿ?"

"ಒಂದೂ ಇಲ್ಲ ಸಾರ್."

ಕ್ರಂಪನ ಪೆನ್ಸಿಲಿನ ಮೊನೆ ಮುರಿಯಿತು. ಅವನು ಇನ್ನೊಂದನ್ನು ತೆಗೆದ.

"ಜುಲೈ?"

"ಒಂದೂ ಇಲ್ಲ."

"ಆಗಸ್ಟ್?"

"ಆಗಸ್ಟಲ್ಲಿ ಒಂದು ಬೂಟು ಸಿಕ್ತು. ಎಡಗಾಲಿಂದು."

"ಬೂಟು ಬಿಡಿ. ಮೀನು?"

"ಒಂದೂ ಇಲ್ಲ."

"ಸ್ವಲ್ಪ ನೀರು ಕೊಡ್ತೀರಾ ತಾಯಿ?" ಎಂದ ಕ್ರಂಪ್. ಕುಡಿದು, ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ಸೆಪ್ಟೆಂಬರ್ ಕೇಳೋ ಧೈರ್ಯ ನನಗಿಲ್ಲ. ಮಿಸ್ಟರ್ ಪೆಟಿಫರ್, ಹಿಡಿದು ನೀರಿಗೇ ಬಿಡ್ತೀರಿ, ಒಪ್ಪಿದೆ. ಆದ್ರೆ ಮೀನಿಗೂ ಜೀವ ಇದೆ. ಅವಕ್ಕೂ ಸ್ವಲ್ಪ ವಿಶ್ರಾಂತಿ ಬೇಡ್ವಾ?"

"ನನ್ನಿಂದ ಅವು ಮೂರು ವರ್ಷದಿಂದ ವಿಶ್ರಾಂತಿಯಲ್ಲೇ ಇವೆ ಸಾರ್."

"ತಮಾಷೆ ಬೇರೆ!" ಎಂದು ಕ್ರಂಪ್ ಎದ್ದ. ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ಅಧಿಕಾರಿಯಂತಲ್ಲದೆ ಮನುಷ್ಯನಂತೆ ಕೇಳಿದ, "ಗುಲಾಬೀನೇ ಅಂತೆ, ಹೌದಾ?"

ಮ್ಯೂರಿಯಲ್ ಬಾಗಿಲು ಮುಚ್ಚಿ ಬಂದು, ಗಂಡನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದಳು. ಊರಿನವರು ಏನಾದರೂ ಅನ್ನಲಿ; ಸೂಟು ಹಾಕಿಕೊಂಡು ಸರ್ಕಾರವೇ ಮನೆಗೆ ಬಂದ ಮೇಲೆ ಯಾವ ಹೆಂಗಸಿನ ನಂಬಿಕೆ ಅಲ್ಲಾಡದೆ ಇದ್ದೀತು?

"ಲಯೋನೆಲ್, ನಿಜ ಹೇಳಿ. ಈ ಮೂರು ವರ್ಷ ನೀವು ನಂಗೆ 'ಒಂದೂ ಇಲ್ಲ' ಅಂದ್ರಲ್ಲ. ಅದು ಹೇಗೆ 'ಒಂದೂ ಇಲ್ಲ'?"

"ಹೇಗೆ ಅಂದ್ರೆ? ಒಂದೂ ಇಲ್ಲದ ಹಾಗೆ."

"ಸರಿ ಬಿಡಿ, ಹೇಳ್ಬೇಡಿ," ಎಂದು ಅವಳು ಅವನ ತಟ್ಟೆಗೆ ಕೇಕಿನ ದೊಡ್ಡ ತುಂಡನ್ನು ಹಾಕಿದಳು. ಆ ಸಂಜೆ ಚಲ್ಲಣ ಬಚ್ಚಲಿನಲ್ಲಿ ನೇತಾಡುತ್ತಿದ್ದರೂ ಏನೂ ಅನ್ನಲಿಲ್ಲ. ಪೆಟಿಫರ್ ಕೇಕು ತಿನ್ನುತ್ತ ಇದು ಬಿರುಗಾಳಿಯ ಮುಂಚಿನ ಮೌನವೆಂದು ಹೆದರಿದ. ಒಂದು ಮೀನು, ಒಂದೇ ಒಂದು ಎಂದು ಅವನ ತುಟಿ ಅಲ್ಲಾಡುತ್ತಿತ್ತು.

ಕೊನೆಯ ದಿನ ಬಂತು. ಪೆಟಿಫರ್ ಬೆಳಗ್ಗೆ ಮಡುವಿಗೆ ಹೋದರೆ ಎರಡೂ ದಡದಲ್ಲಿ ಮಡಿಸುವ ಕುರ್ಚಿಗಳು. ಸಂಘದವರೆಲ್ಲ ಇದ್ದರು, ಪಾದ್ರಿಯಮ್ಮ ಇದ್ದರು, ಕ್ರಂಪ್ ಇಲಾಖೆಯ ದುರ್ಬೀನು ಹಿಡಿದು ಆಂಬ್ರೋಸ್ ರಾನ ಬೆಂಚಿನ ಮೇಲೆ ಕೂತಿದ್ದ. ಮ್ಯೂರಿಯಲ್ ಹೊಸ ಕೋಟು ತೊಟ್ಟು, ಎಡ್ನಾಳ ಪಕ್ಕ, ರಾಜಮನೆತನದವರ ಹಾಗೆ ಕೈ ಜೋಡಿಸಿ ಕೂತಿದ್ದಳು. ತನ್ನ ಕೋಲಿನ ಅಂತ್ಯಸಂಸ್ಕಾರಕ್ಕೆ ಇಷ್ಟೊಂದು ಜನ ಬಂದಿದ್ದಾರಲ್ಲ ಎಂದು ಪೆಟಿಫರ್ ಎರಡೂ ದಡಕ್ಕೆ ಟೋಪಿ ಎತ್ತಿ ವಂದಿಸಿದ.

ನೀರಿಗಿಳಿದ. ಬೀಸಿದ. ನೊಣ ಆಲ್ಡರ್ ಮರಕ್ಕೆ ಹೋಯಿತು.

"ಹದಕ್ಕೆ ಇಟ್ಟ," ಎಂದು ಡೆನ್ನಿಸ್ ಪಿಸುಗುಟ್ಟಿದ.

ಇನ್ನೊಂದು ಕಟ್ಟಿ ಬೀಸಿದ. ಎಲೆ ಬಂತು. ದಡದಲ್ಲಿ ತಲೆಗಳು ಅಲ್ಲಾಡಿದವು. "ಮೇಲಿನ ಕಸ ಮೊದಲು ತೆಗೀತಾನೆ. ಮೀನಿಗೆ ನೊಣ ಚೆನ್ನಾಗಿ ಕಾಣ್ಲಿ ಅಂತ. ಕಣ್ಣಿನ ಕಸುಬಿನವನಲ್ವಾ!"

ಮೂರನೆಯ ಬೀಸಿಗೆ ಕಾಲು ಜಾರಿ, ಪೆಟಿಫರ್ ಟೋಪಿ ಸಮೇತ ಮುಳುಗಿದ. ಯಾರೂ ಏಳಲಿಲ್ಲ. ಮುಳುಗಿದವನನ್ನು ನೋಡುವ ನೋಟವಲ್ಲ ಅದು, ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದನ್ನು ನೋಡುವ ನೋಟ. ಅವನು ಕೆಮ್ಮುತ್ತ ಮೇಲೆ ಬಂದಾಗ ಹೊರೇಸ್ ಮೆಲ್ಲಗೆ ತಾನೂ ನೀರಿಗಿಳಿದು ಒಮ್ಮೆ ಮುಳುಗಿ ಎದ್ದ.

ಸಂಜೆಯವರೆಗೂ ಹೀಗೇ. ಒಂದು ಮೀನೂ ಬರಲಿಲ್ಲ. ಕೊನೆಗೆ ಕ್ರಂಪ್ ದುರ್ಬೀನು ಮಡಿಚಿದ. "ನಾವು ನೋಡ್ತಿರೋವರೆಗೆ ಇವನು ಹಿಡಿಯಲ್ಲ. ಮಹಾ ಕಿಲಾಡಿ."

"ಹೋಗೋಣ ನಡೀರಿ, ಗುಡಿಸಲಲ್ಲಿ ಚಹಾ ತಣ್ಣಗಾಗತ್ತೆ," ಎಂದಳು ಎಡ್ನಾ. ಕುರ್ಚಿಗಳನ್ನು ಮಡಿಸಿಕೊಂಡು ಎಲ್ಲರೂ ಸಂಘದ ಗುಡಿಸಲಿನತ್ತ ಹೊರಟರು. ಮ್ಯೂರಿಯಲ್ ಹೋಗುವಾಗ ಗಂಡನತ್ತ ಕಣ್ಣು ಮಿಟುಕಿಸಿದಳು. ಪೆಟಿಫರನಿಗೆ ಅದು ಅವಳ ಕಣ್ಣಿಗೆ ಬಿದ್ದ ಕಸದಂತೆ ಕಂಡಿತು.

ಮಡುವಿನಲ್ಲಿ ಅವನೊಬ್ಬನೇ ಉಳಿದ. ಬೆಟ್ಟದ ನೆರಳು ನೀರಿನ ಅರ್ಧಕ್ಕೆ ಬಂದಿತ್ತು. ಟೋಪಿ ತೇಲಿಹೋಗಿ ಆಲ್ಡರ್ ಬೇರಿಗೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮರದ ಕೆಳಗೆ ಬಾಗಿದ. ಆ ಕೋಲಿನಿಂದ ಹೋಗಿ ಕೊಂಬೆಗೆ ಸುತ್ತಿಕೊಂಡಿದ್ದ ದಾರದ ತುದಿಯಲ್ಲಿ ಗುಲಾಬಿ ನೊಣ ನೀರಿಗೆ ತಾಗಿಯೂ ತಾಗದಂತೆ ಜೋಲಾಡುತ್ತಿತ್ತು. ಮೂರು ವರ್ಷದಲ್ಲಿ ಅವನಿಂದ ಬೇಕೆಂದರೂ ಮಾಡಲಾಗದ್ದನ್ನು ಮರ ಒಂದೇ ಸಲಕ್ಕೆ ಮಾಡಿ ತೋರಿಸಿತು.

ಬುಳುಕ್ ಎಂದಿತು. ಕೊಂಬೆ ಬಾಗಿತು. ಕಂಕುಳಲ್ಲಿದ್ದ ಕೋಲು ಜೀವ ಬಂದಂತೆ ಒದ್ದಾಡಿತು.

ಪೆಟಿಫರ್ ಟೋಪಿ ಬಿಟ್ಟ, ಕೂಗಿದ, ಕೂತ, ಎದ್ದ, ಮತ್ತೆ ಕೂತ. ಕೊನೆಗೆ ಎದೆಮಟ್ಟ ನೀರಿನಲ್ಲಿ ಕೂತೇ ಎರಡೂ ಕೈಯಲ್ಲಿ ಅದನ್ನು ಹಿಡಿದ. ಬೆಣ್ಣೆಯ ಬಣ್ಣದ ಹೊಟ್ಟೆ, ಪಕ್ಕೆಯಲ್ಲಿ ಕೆಂಪು ಚುಕ್ಕಿ, ಒಂದೊಂದು ಚುಕ್ಕಿಗೂ ಸುತ್ತ ತೆಳುವಾದ ಬಿಳಿ ಉಂಗುರ. ಲೋಕಕ್ಕೆಲ್ಲ ಕನ್ನಡಕ ಕೊಟ್ಟವನು ಇಷ್ಟು ಸ್ಪಷ್ಟವಾಗಿ ಇದುವರೆಗೆ ಏನನ್ನೂ ನೋಡಿರಲಿಲ್ಲ. ನಿಯಮದಂತೆ ಕೊಕ್ಕೆ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕೈ ಸಡಿಲಿಸಿದ. ಅದು ಹೋಯಿತು. ಸಾಕ್ಷಿಯೆಂದರೆ ಎದುರು ದಡದಲ್ಲಿದ್ದ ಒಂದು ಕುರಿ, ಅದೂ ಮೇಯುತ್ತಿತ್ತು.

ಗುಡಿಸಲಿನಲ್ಲಿ ಚಹಾ, ಹಂದಿಮಾಂಸದ ಪೈ, ಒಲೆಯ ಬೆಂಕಿ. ಬಾಗಿಲು ದಢಾರನೆ ತೆರೆಯಿತು. ತಲೆಯ ಮೇಲೆ ಎಲೆ ಅಂಟಿಸಿಕೊಂಡು, ಚಲ್ಲಣದ ಬಾಯಿಂದ ನೀರು ಚೆಲ್ಲುತ್ತ ಪೆಟಿಫರ್ ನಿಂತಿದ್ದ. ಎಲ್ಲರೂ ಎದ್ದು ನಿಂತರು.

ಡೆನ್ನಿಸ್ ಗಂಟಲು ಸರಿಮಾಡಿಕೊಂಡು, ವರ್ಷದ ಕೊನೆಯ ಸಲ, ವಿಧಿಪೂರ್ವಕವಾಗಿ ಕೇಳಿದ. "ಏನ್ ಭಾವ. ಏನಾದ್ರೂ ಕಚ್ಚಿತಾ?"

"ಒಂದು!" ಎಂದು ಕೂಗಿದ ಪೆಟಿಫರ್. "ಒಂದು ಸಿಕ್ತು ಡೆನ್ನಿಸ್! ಇಷ್ಟುದ್ದ!"

ಎರಡೂ ಕೈ ಅಗಲಿಸಿ ತೋರಿಸಿದ.

ಕ್ರಂಪ್ ತನ್ನ ಬೂಟು ನೋಡಿಕೊಂಡ. ಪಾದ್ರಿಯಮ್ಮ ಕಣ್ಣು ಮುಚ್ಚಿದರು. ಮ್ಯೂರಿಯಲ್ ಕಪ್ಪು ಕೆಳಗಿಟ್ಟು ಹೊಸ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

"ಯಾಕೆ ಎಲ್ಲ ಸುಮ್ಮನಾದ್ರಿ? ಮ್ಯೂರಿಯಲ್! ಹಿಡಿದೆ ಕಣೇ! ಕೆಂಪು ಚುಕ್ಕಿ, ಒಂದೊಂದರ ಸುತ್ತ ಬಿಳೀ ಉಂಗುರ..."

"ಸಾಕು ಕೂತ್ಕೊಳ್ಳಿ," ಎಂದಳು ಮ್ಯೂರಿಯಲ್, ತುಟಿ ಬಿಗಿದು.

"ಉಂಗುರ ಅಂತೆ," ಎಂದ ಹೊರೇಸ್ ಮರುಕದಿಂದ. "ನಾನು ಉಂಗುರದವರೆಗೆ ಹೋಗಿರ್ಲಿಲ್ಲ."

"ಯಾರೂ ಏನೂ ಅನ್ನಬೇಡಿ," ಎಂದ ಡೆನ್ನಿಸ್ ಮೆಲ್ಲಗೆ. ಆಮೇಲೆ ಅವನ ಮುಖ ನಿಧಾನವಾಗಿ ಬೇರೆಯಾಯಿತು. ತಕ್ಕಡಿಯಲ್ಲಿ ತೂಕ ಕಮ್ಮಿ ಬಂದಾಗ ಗಿರಾಕಿಗಳ ಮುಖದಲ್ಲಿ ಅವನು ದಿನಾ ಕಾಣುವ ಭಾವ, ಈಗ ಅವನದೇ ಮುಖದಲ್ಲಿ. "ತಡೀರಿ, ತಡೀರಿ. ಇವತ್ತು ಇವನು ಇಡೀ ದಿನ ಏನೂ ಹಿಡೀಲಿಲ್ಲ, ನಾವೇ ನೋಡಿದ್ವಿ. ಬಂದು 'ಒಂದು, ಇಷ್ಟುದ್ದ' ಅಂತಾನೆ. ಇದು ಏನೂ ಹಿಡಿಯಕ್ಕಾಗದೇ ಇರೋವನ ಮಾತು. ಹಾಗಾದ್ರೆ ಇಷ್ಟು ದಿನ 'ಒಂದೂ ಇಲ್ಲ' ಅಂದನಲ್ಲ?"

"ಒಂದೂ ಇರ್ಲಿಲ್ಲ," ಎಂದ ಕ್ರಂಪ್, ಗೋಡೆ ಕುಸಿಯುವುದನ್ನು ನೋಡುವವನಂತೆ.

"ಹೌದು, ಒಂದೂ ಇರ್ಲಿಲ್ಲ!" ಎಂದ ಪೆಟಿಫರ್, ಕೊನೆಗೂ ಅರ್ಥವಾಯಿತಲ್ಲ ಎಂಬ ಸಂತೋಷದಲ್ಲಿ. "ಅದನ್ನೇ ನಾನು ಹೇಳ್ತಾ ಬಂದಿದ್ದು!"

"ಕೇಳಿದ್ರಾ!" ಡೆನ್ನಿಸನ ಮುಷ್ಟಿ ಮೇಜಿಗೆ ಬಿತ್ತು, ಪೈಗಳು ಹಾರಿದವು. "ಮೂರು ವರ್ಷ! ನಮ್ಮ ಕಣ್ಣಲ್ಲಿ ಕಣ್ಣಿಟ್ಟು, ನಗದೇ, ಮೂರು ವರ್ಷ ನಮಗೆ ನಿಜ ಹೇಳ್ಕೊಂಡು ಬಂದಿದ್ದಾನೆ!"

"ಸ್ವಂತ ಭಾವನಿಗೆ!" ಎಂದಳು ಎಡ್ನಾ. "ನನ್ನ ಮೇಲಂಗಿ ಹಾಳಾಯ್ತು!"

"ನನ್ನ ಹತ್ರಾನೂ," ಎಂದರು ಪಾದ್ರಿಯಮ್ಮ ನೊಂದು. "ದಡದ ಮೇಲೆ ನಿಂತು ಅಷ್ಟು ಕೇಳ್ಕೊಂಡೆ."

"ಸರ್ಕಾರಿ ಅಧಿಕಾರಿಗೆ," ಎಂದ ಕ್ರಂಪ್.

"ಆದ್ರೆ ಇವತ್ತು ಒಂದು..." ಎಂದು ಪೆಟಿಫರ್ ಮತ್ತೆ ಕೈ ಅಗಲಿಸಹೋದ. ಹೊರೇಸ್ ಆ ಎರಡು ಕೈಗಳನ್ನೂ ಮೃದುವಾಗಿ ಹಿಡಿದು ಜೋಡಿಸಿದ. "ಬೇಡಪ್ಪಾ. ಮನೆಗೆ ಹೋಗೋಣ. ನಂಗೂ ಆಗಿತ್ತು. ಸರಿಹೋಗತ್ತೆ."

ಮ್ಯೂರಿಯಲ್ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದಳು. ಮನೆಯ ಗೇಟಿನ ಹತ್ತಿರ ನಿಂತು ಅಂದಳು. "ನಂಗೆ ಮೊದಲೇ ಗೊತ್ತಿತ್ತು, ನಿಮಗೆ ಅಷ್ಟು ತಲೆ ಇಲ್ಲ ಅಂತ. ಸುಮ್ಮನೆ ಹೊಸ ಕೋಟು ಹೊಲಿಸಿಕೊಂಡೆ."

"ಮ್ಯೂರಿಯಲ್, ನೀನೇ ಹೇಳಿದ್ದು. ಒಂದು ಹಿಡಿದ್ರೆ ಕೋಲು ಇರತ್ತೆ ಅಂತ."

"ಹೌದು ಹೇಳಿದ್ದೆ. ಎಲ್ಲಿ, ಹಿಡಿದ್ರಾ?"

"ಹಿಡಿದೆ! ಒಂದು!"

ಮ್ಯೂರಿಯಲ್ ಒಳಗೆ ಹೋಗಿ ಸೂಪಿಗೆ ನೀರಿಟ್ಟಳು.

ಶನಿವಾರ ಚರ್ಚಿನ ಸಭಾಂಗಣದಲ್ಲಿ, ಒಡೆದ ದೀಪಕ್ಕೂ ಬೋಳಾದ ಗುಲಾಬಿ ಚಪ್ಪಲಿಗಳ ದೊಡ್ಡ ರಾಶಿಗೂ ನಡುವೆ ಪೆಟಿಫರನ ಕೋಲು ಒರಗಿ ನಿಂತಿತ್ತು. ಒಂದು ಮೀನಿನ ಮುಖವನ್ನೂ ಕಾಣದ ಕೋಲು, ಹೊಸದರಂತಿದೆ ಎಂದು ಡೆನ್ನಿಸ್ ಅದನ್ನು ಕೊಂಡ. ಚಲ್ಲಣವನ್ನು ಯಾರೂ ಕೊಳ್ಳಲಿಲ್ಲ. ಅದು ಈಗ ಪಾದ್ರಿಯಮ್ಮನ ತೋಟದಲ್ಲಿ ಹಕ್ಕಿಗಳನ್ನು ಹೆದರಿಸುತ್ತಿದೆ.

ಈ ವರ್ಷ ಟ್ರೌಟ್ ಹಿಡಿಯುವ ಋತು ಶುರುವಾದ ದಿನ ಡೆನ್ನಿಸ್ ಆ ಕೋಲು ಹಿಡಿದು, ಮೈಯೆಲ್ಲ ಒದ್ದೆಯಾಗಿ ಸೇತುವೆ ಹತ್ತಿ ಬಂದ. ಪೆಟಿಫರ್ ಅಲ್ಲಿ ಕಾಯುತ್ತ ನಿಂತಿದ್ದ.

"ಏನಾದ್ರೂ ಕಚ್ಚಿತಾ ಡೆನ್ನಿಸ್?"

"ಒಂದೆರಡು," ಎಂದ ಡೆನ್ನಿಸ್.

ಪೆಟಿಫರ್ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿ, "ನಾನು ಹೇಳಿರ್ಲಿಲ್ವಾ, ಕೋಲು ಒಳ್ಳೇದೇ ಅಂತ! ಎರಡೂ ಎಷ್ಟೆಷ್ಟುದ್ದ?" ಎಂದು ಕೇಳಿದ.

ಅಂದಿನಿಂದ ಭಾವ ಭಾವಮೈದುನರ ನಡುವೆ ಮಾತಿಲ್ಲ.